ಭಾನುವಾರದವರಿಗೆ ಆರು ಅಡಿ ಚಾಟಿ

ಚಾಟಿಯ ತುದಿ ಪ್ರಿನ್ಸಿಪಾಲರ ಕನ್ನಡಕವನ್ನು ಕಿತ್ತುಕೊಂಡು ಹೋಗಬಹುದಿತ್ತು. ಮೊದಲ ಮಹಡಿಯ ಮೂಲೆಯಲ್ಲಿ ಹೊಸದಾಗಿ ಹಾಕಿಸಿದ್ದ ಸಿಸಿಟಿವಿ ಕ್ಯಾಮೆರಾ ಒಡೆದು, ಒಡೆದವರು ಯಾರೆಂಬುದನ್ನು ಅದೇ ಕ್ಯಾಮೆರಾ ಕೊನೆಯ ಉಸಿರಿನಲ್ಲಿ ದಾಖಲಿಸಿಡಬಹುದಿತ್ತು. ಮುಂದಿನ ಸಾಲಿನ ಹುಡುಗಿಯ ಜಡೆಗೆ ಸುತ್ತಿಕೊಳ್ಳಬಹುದಿತ್ತು. ಆಮೇಲೆ ಅವಳ ಅಪ್ಪ, ಅಪ್ಪನಿಗೆ ಗೊತ್ತಿರುವ ರಾಜಕಾರಣಿ, ರಾಜಕಾರಣಿಗೆ ಗೊತ್ತಿರುವ ಟಿವಿಯವರು ಒಬ್ಬರ ಹಿಂದೆ ಒಬ್ಬರು ಗೇಟಿಗೆ ಬರಬಹುದಿತ್ತು. ಪಕ್ಕದ ಪೀಜಿಯ ಓನರು ಗುಂಡು ಹಾರಿತೆಂದು ಪೊಲೀಸರಿಗೆ ಫೋನ್ ಮಾಡಬಹುದಿತ್ತು. ಚಾಟಿ ಹೊಂಗೆಮರದ ಕೊಂಬೆಗೆ ಸಿಕ್ಕಿ, ಏಣಿ ತರಿಸಿ, ನಾನೇ ಹತ್ತಿ, ಇಳಿಯಲಾಗದೆ ಅಲ್ಲೇ ಕೂರಬಹುದಿತ್ತು. ನನ್ನದೇ ಕಿವಿ ಹರಿಯಬಹುದಿತ್ತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಏನೂ ಆಗದೆಯೂ ಇರಬಹುದಿತ್ತು: ಕಾಲೇಜಿನ ಅಷ್ಟೂ ಹೊಸ ಮಕ್ಕಳ ಮುಂದೆ ಕನ್ನಡ ಮೇಷ್ಟ್ರು ಹಗ್ಗ ಬೀಸಿ, ಅದು ಬೆಕ್ಕು ಸೀನಿದ ಹಾಗೆ ಒಂದು ಸದ್ದು ಮಾಡಿ ನೆಲಕ್ಕೆ ಬಿದ್ದು, ಎರಡು ವರ್ಷ ಉಳಿಯುವ ಅಡ್ಡಹೆಸರೊಂದು ಅಲ್ಲೇ ಹುಟ್ಟಬಹುದಿತ್ತು.

ಇವೆಲ್ಲವನ್ನೂ ಹಿಂದಿನ ದಿನವೇ ಯೋಚಿಸಿ ಮುಗಿಸಿದ್ದೆ. ನಾನು ಅಂಥವನು. ಯಶವಂತಪುರ ಸ್ಟೇಷನ್ನಿನಿಂದ ಹೊರಡುವ ರೈಲಿಗೆ ಅದರ ಹಿಂದಿನ ರೈಲು ಬಿಡುವ ಮೊದಲೇ ಹೋಗಿ ಕೂರುತ್ತೇನೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಹೆಬ್ಬಾಳದ ಫ್ಲೈಓವರ್ ಮೇಲಿಂದ ಹೆಂಡತಿಗೆ ಫೋನ್ ಮಾಡುತ್ತೇನೆ. ಅವಳು ಅಡುಗೆಮನೆಯಲ್ಲೇ ನಿಂತು, "ಆರ್ಸಿಲ್ಲ ರೀ, ನಾನೇ ಅದರ ಮೇಲೆ ಸಾರು ಕುದಿಸ್ತಾ ಇದೀನಿ" ಎನ್ನುತ್ತಾಳೆ. ಅಂಥವನ ಕೈಗೆ ಚಾಟಿ ಕೊಟ್ಟು ಕಾಲೇಜಿನ ಅಂಗಳದಲ್ಲಿ ನಿಲ್ಲಿಸಿದವರು ನಮ್ಮ ಫಿಸಿಕ್ಸ್ ಮೇಡಂ. ಈ ವರ್ಷ ಅವರು ನಿವೃತ್ತರಾಗಿ ಗಂಡನೊಂದಿಗೆ ಧಾರವಾಡ ಸೇರಿದರು. ಸ್ಟಾಫ್ ರೂಮಿನ ಕಿಟಕಿಯ ಪಕ್ಕದ ಕುರ್ಚಿಗೆ ಹೊಸಬರೊಬ್ಬರು ಬಂದಿದ್ದಾರೆ. ಒಳ್ಳೆಯವರು, ಮೆದು ಮಾತಿನವರು. ಅವರ ಡಬ್ಬಿಯಲ್ಲಿ ಊಟ ಮಾತ್ರ ಇರುತ್ತದೆ.

ಮೇಡಂ ಡಬ್ಬಿಯ ವಿಷಯ ಬೇರೆ. ಮತ್ತಿಕೆರೆಯ ಒಳರಸ್ತೆಯಲ್ಲಿರುವ ನಮ್ಮದು ಸಣ್ಣ ಪಿಯು ಕಾಲೇಜು. ಅಲ್ಲಿಗೆ ಅವರು ಬಾಗಲಗುಂಟೆಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದರು. ಕೈಯಲ್ಲಿ ಒಂದೇ ತರಹದ ಎರಡು ದುಂಡನೆಯ ಸ್ಟೀಲ್ ಡಬ್ಬಿ. ಒಂದರಲ್ಲಿ ಜೋಳದ ರೊಟ್ಟಿ, ಇನ್ನೊಂದರಲ್ಲಿ ಸುರುಳಿ ಸುತ್ತಿದ ಚಾಟಿ. ಚಾಟಿಯನ್ನು ಚೀಲದಲ್ಲಿಟ್ಟರೆ ಹೆಣಿಗೆಗೆ ಮಡಿಕೆ ಬೀಳುತ್ತದೆ, ದುಂಡಗೆ ಇರಬೇಕು, ಅದಕ್ಕೆ ರೊಟ್ಟಿ ಡಬ್ಬಿಗಿಂತ ಒಳ್ಳೆಯ ಮನೆಯಿಲ್ಲ ಎಂಬುದು ಅವರ ವಾದ. ಒಮ್ಮೆ ಇಂಗ್ಲಿಷ್ ವಿಭಾಗದ ಮೇಷ್ಟ್ರು, ರೊಟ್ಟಿಯ ಆಸೆಗೆ ಬಿದ್ದು, ಕೇಳದೆಯೇ ಡಬ್ಬಿ ತೆಗೆದರು. ಒಳಗೆ ಕಪ್ಪಗೆ ಸುರುಳಿ ಸುತ್ತಿ ಮಲಗಿದ್ದನ್ನು ಕಂಡು ಮುಚ್ಚಳವನ್ನು ಕೈಬಿಟ್ಟರು; ಅದು ಸ್ಟಾಫ್ ರೂಮಿನ ನೆಲದ ಮೇಲೆ ಬಹಳ ಹೊತ್ತು ಗಿರಗಿರ ತಿರುಗಿತು. ಅದು ನಿಲ್ಲುವವರೆಗೂ ಮೇಡಂ ಕಾದು, ಶಾಂತವಾಗಿ ಹೇಳಿದರು: "ಸರ, ಅದು ಬ್ಯಾರೆ ಡಬ್ಬಿ. ಹಸಿವಿದ್ರ ಈಕಡೆ ಬರ್ರಿ."

ಅವರು ಗದಗದ ಕಡೆಯವರು. ಮದುವೆಯಾಗಿ ಬೆಂಗಳೂರಿಗೆ ಬಂದು ಬಹಳ ವರ್ಷಗಳಾಗಿದ್ದರೂ ಮಾತು ಒಂದಿಷ್ಟೂ ಬೆಂಗಳೂರಿನದಾಗಿರಲಿಲ್ಲ. ಪಾಠವನ್ನು ಪುಸ್ತಕದ ಭಾಷೆಯಲ್ಲಿ ಶುರುಮಾಡುತ್ತಿದ್ದರು. ಲೆಕ್ಕ ಬಿಗಿಯಾದಂತೆ ಗದಗ ಹೊರಬರುತ್ತಿತ್ತು. ಎತ್ತರದವರಲ್ಲ, ದಪ್ಪದವರಲ್ಲ. ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರೆ ಅಂದು ಪ್ರಯೋಗವಿದೆ ಎಂದು ಅರ್ಥ. ಹೊಗಳುವುದರಲ್ಲಿ ಮಹಾ ಜಿಪುಣರು. ರ‍್ಯಾಂಕ್ ಬಂದ ಹುಡುಗನಿಗೂ "ಪರವಾಗಿಲ್ಲ, ಅಕ್ಷರ ಸುಧಾರಿಸ್ಕೋ" ಎಂದವರು. ತಡವಾಗಿ ಬಂದವರನ್ನು ಒಳಗೆ ಬಿಡುತ್ತಿರಲಿಲ್ಲ, ಪ್ರಿನ್ಸಿಪಾಲರು ಬಂದರೂ ಸರಿ.

ಪ್ರತಿವರ್ಷ ಜೂನಿನಲ್ಲಿ ಫಸ್ಟ್ ಪಿಯು ಮಕ್ಕಳಿಗೆ ಅವರ ಮೊದಲ ಪಾಠ ತರಗತಿಯಲ್ಲಿ ನಡೆಯುತ್ತಿರಲಿಲ್ಲ. ಎಲ್ಲರನ್ನೂ ಅಂಗಳಕ್ಕೆ ಕರೆದು, ಸುಣ್ಣದ ವೃತ್ತದ ಆಚೆ ಕೂರಿಸಿ, ತಾವು ನಡುವೆ ನಿಂತು ಒಂದೇ ಒಂದು ಸಲ ಚಾಟಿ ಬೀಸುತ್ತಿದ್ದರು. ಸದ್ದು ನಾಲ್ಕು ಗೋಡೆಗೂ ಬಡಿದು ಬರುತ್ತಿತ್ತು. ಆಮೇಲೆ ಕೇಳುತ್ತಿದ್ದರು: "ಈ ಚಾಟಿ ಯಾವುದಕ್ಕೂ ಬಡೀಲಿಲ್ಲ. ಹಂಗಾದ್ರ ಸದ್ದು ಎಲ್ಲಿಂದ ಬಂತು?" ಉತ್ತರವನ್ನು ಅಂದು ಹೇಳುತ್ತಿರಲಿಲ್ಲ. ಹಿಡಿಯಿಂದ ಹೊರಟ ಸುರುಳಿ ತುದಿಯತ್ತ ಹೋಗುತ್ತ ಹೋಗುತ್ತ ವೇಗ ಪಡೆದು, ಕೊನೆಯಲ್ಲಿ ಶಬ್ದಕ್ಕಿಂತ ವೇಗವಾಗಿ ಓಡುತ್ತದೆ, ನಮಗೆ ಕೇಳುವುದು ಗಾಳಿ ಸೀಳಿದ ಸದ್ದು ಎಂಬುದು ಮಕ್ಕಳಿಗೆ ತಿಂಗಳುಗಳ ನಂತರ ಪಾಠದಲ್ಲಿ ಬರುತ್ತಿತ್ತು. ಅಷ್ಟರೊಳಗೆ ಅರ್ಧ ಜನ ತಾವೇ ಹುಡುಕಿಕೊಂಡಿರುತ್ತಿದ್ದರು. ಉಳಿದರ್ಧ ಅವರಿಗೆ 'ಪಟಾಕಿ ಮೇಡಂ' ಎಂದು ಹೆಸರಿಟ್ಟು ಸುಮ್ಮನಾಗುತ್ತಿದ್ದರು.

ನಾನು ಈ ವಿದ್ಯೆಗೆ ಬಿದ್ದದ್ದು ಡಾಕ್ಟರರಿಂದ. ಬಿಪಿ ನೋಡಿದವರು, "ಏನಾದ್ರೂ ಹವ್ಯಾಸ ಇಟ್ಕೊಳ್ಳಿ, ಕೈಗೆ ಕೆಲಸ ಕೊಡೋಂಥದ್ದು, ತಲೆಗಲ್ಲ" ಎಂದರು. ತೋಟಗಾರಿಕೆ ಎಂದರೆ ಹಾವು ನೆನಪಾಯಿತು. ಈಜು ಎಂದರೆ ಮುಳುಗುವುದು. ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿಕೊಂಡಾಗ ಮೇಡಂ ಉತ್ತರ ಪತ್ರಿಕೆಯಿಂದ ತಲೆಯೆತ್ತದೆ, "ಚಾಟಿ ಹಿಡೀರಿ" ಎಂದರು. ಅವರು ತಮಾಷೆ ಮಾಡುವವರಲ್ಲ. ನಾನು ಅವರನ್ನು ಮುಂದೇನೂ ಕೇಳದೆ, ಮನೆಗೆ ಹೋಗಿ ಫೋನಿನಲ್ಲಿ ಹುಡುಕಿ, ಹತ್ತಡಿಯ ಚರ್ಮದ ಚಾಟಿಯೊಂದನ್ನು ತರಿಸಿದೆ.

ಹತ್ತೇ ಏಕೆ ಎಂದರೆ ನನ್ನ ತರ್ಕ ಸ್ಪಷ್ಟವಾಗಿತ್ತು. ಅಪಾಯ ಇರುವುದು ಚಾಟಿಯ ತುದಿಯಲ್ಲಿ. ಚಾಟಿ ಉದ್ದವಾದಷ್ಟೂ ತುದಿ ನನ್ನಿಂದ ದೂರ. ಹನ್ನೆರಡಡಿಯದು ಸ್ಟಾಕ್ ಇರಲಿಲ್ಲ.

ಯಲಹಂಕದ ನಮ್ಮ ಮನೆಯ ಟೆರೇಸಿನ ಮೇಲೆ ಅದನ್ನು ಬೀಸಿದಾಗ ಮೊದಲ ಅರ್ಧ ಗಾಳಿಗೆ ಹೋಯಿತು, ಉಳಿದರ್ಧ ಹಿಂದೆಯೇ ಉಳಿದು ಒಗೆದ ಬಟ್ಟೆಯ ತಂತಿಗೆ ಸುತ್ತಿಕೊಂಡಿತು. ನಾನು ಎಳೆದೆ. ತಂತಿ, ತಂತಿಯ ಮೇಲಿನ ಎರಡು ಸೀರೆ, ಪಕ್ಕದ ಮನೆಯವರ ಬೆಡ್‌ಶೀಟು, ಎಲ್ಲವೂ ನನ್ನ ಮೇಲೆ ಬಂದವು. ಹೆಂಡತಿ ಮೆಟ್ಟಿಲ ಬಾಗಿಲಲ್ಲಿ ನಿಂತು ನೋಡಿದಳು.

"ಬಿಪಿಗೆ ಮಾತ್ರೆ ಬರ್ಕೊಟ್ರೆ ಚಾಟಿ ತಗೊಂಡ್ ಬಂದ್ರಾ?"

"ಕೈಗೆ ಕೆಲಸ ಅಂದ್ರಲ್ಲ."

"ಸರಿ ಬಿಡಿ. ಈಗ ಕೈಗೆ ಕೆಲಸ ಸಿಕ್ತು. ಇವನ್ನೆಲ್ಲ ಮತ್ತೆ ಒಗೀರಿ."

ಮರುದಿನ ಆ ಚಾಟಿಯನ್ನು ಮೇಡಂ ಎದುರು ಇಟ್ಟೆ. ಅವರು ಅದನ್ನು ಬಿಚ್ಚಿ ಸ್ಟಾಫ್ ರೂಮಿನ ಉದ್ದಕ್ಕೂ ಹಾಸಿದರು. ಅದು ಬೀರುವಿನಿಂದ ಬಾಗಿಲವರೆಗೆ ಹೋಯಿತು.

"ನಿಮ್ಮ ಮನ್ಯಾಗ ಎತ್ತು ಎಷ್ಟು ಅದಾವ್ರಿ ಸರ?"

"ಎತ್ತಾ? ನಮ್ಮದು ಸೆಕೆಂಡ್ ಫ್ಲೋರ್, ಮೇಡಂ."

"ಹತ್ತು ಫೂಟಿಂದು ತಂದೀರಲ್ಲ, ಗಾಡಿ ಗೀಡಿ ಹೂಡೀರೇನೋ ಅಂದ್ಕೊಂಡೆ." ಆಮೇಲೆ ಸ್ವಲ್ಪ ಕನಿಕರ ಬಂದಿರಬೇಕು, ಬೆರಳಿಟ್ಟು ತೋರಿಸಿದರು. "ನೋಡ್ರಿ, ಹತ್ತು ಅಂತ ಅಂಗಡಿಯವ ಹೇಳಿದ್ದು ಹಿಡಿಯಿಂದ ಇಲ್ಲೀತನಕ, ಹೆಣೆದದ್ದಷ್ಟು. ಇದರ ಮುಂದ ಈ ಒಂಟಿ ಬಾರು ಐತಲ್ಲ, ಅದನ್ನ ಲೆಕ್ಕಕ್ಕ ಹಿಡಿಯಂಗಿಲ್ಲ. ಬಾರಿನ ತುದೀಗೆ ಈ ನೂಲಿನ ಕುಚ್ಚು, ಅದೂ ಲೆಕ್ಕಕ್ಕಿಲ್ಲ. ಮ್ಯಾಲ ನಿಮ್ಮ ತೋಳು. ಎಲ್ಲಾ ಕೂಡ್ಸಿದ್ರ ಎಲ್ಲಿಗೆ ಹೋಗಿ ಮುಟ್ಟತೈತಿ, ನೀವ ಹೇಳ್ರಿ."

ಪಕ್ಕದ ಮನೆಯ ಬೆಡ್‌ಶೀಟಿಗೆ ಎಂದು ನನಗೆ ಗೊತ್ತಿತ್ತು.

ನಾನು ತಪ್ಪನ್ನು ತಿದ್ದಿಕೊಳ್ಳುವುದರಲ್ಲಿ ಹಿಂದೆ ಬೀಳುವವನಲ್ಲ. ಒಂದು ಕಡೆ ವಾಲಿದರೆ ಇನ್ನೊಂದು ಕಡೆ ಪೂರ್ತಿ ಬಿದ್ದೇ ಸರಿಪಡಿಸುತ್ತೇನೆ. ಈ ಸಲ ಮೂರಡಿಯದು ತರಿಸಿದೆ. ಮಗುವಿನ ಆಟಿಕೆಯಂತಿತ್ತು, ಅಂಗೈಯಲ್ಲಿ ಮುದುರಿ ಹಿಡಿಯಬಹುದಿತ್ತು. ಇದರಿಂದ ಯಾರಿಗೇನು ಆದೀತು ಎಂದು ಬೀಸಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಹೋಗಿ, ತಿರುಗಿ ಬಂದು, ನನ್ನ ಎಡಗಿವಿಗೆ ಒಂದು ಮಾತು ಹೇಳಿ ಹೋಯಿತು. ಕಿವಿ ಎರಡು ದಿನ ಕೆಂಪಗಿತ್ತು.

"ಸಣ್ಣದು ಅಂದ್ರ ಸಾಧು ಅಂತ ತಿಳ್ಕೊಂಡ್ರೇನು?" ಎಂದರು ಮೇಡಂ, ಕಿವಿಯನ್ನು ಪ್ರಯೋಗಶಾಲೆಯ ಮಾದರಿಯಂತೆ ಬೆಳಕಿಗೆ ತಿರುಗಿಸಿ ನೋಡುತ್ತ. "ಸಣ್ಣ ಚಾಟಿಗಿ ಸಿಟ್ಟು ಜಾಸ್ತಿ. ಹಗುರ ಇರತೈತಿ, ಲಗೂನ ತಿರುಗತೈತಿ, ತಿರುಗಿ ನಿಮ್ಮ ಮಾರಿ ಕಡೇನ ಬರತೈತಿ. ಅದಕ್ಕ ಕೈ ಭಾಳ ಚುರುಕಿರಬೇಕು. ಉದ್ದಂದು ಆನಿ ಇದ್ದಂಗ. ನಿಧಾನ, ತಪ್ಪು ಮಾಡಿದ್ರ ತಡಕೋತೈತಿ. ಆದ್ರ ಅದಕ್ಕ ಬಯಲು ಬೇಕು, ಭುಜ ಬೇಕು. ನಿಮಗ ಎರಡೂ ಇಲ್ಲ."

"ಹಾಗಾದ್ರೆ ನನಗೆ ಎಷ್ಟುದ್ದ ಬೇಕು, ಮೇಡಂ?"

"ವಾರಕ್ಕ ಎಷ್ಟು ದಿನ ಹೊಡೀತೀರಿ?"

"ಭಾನುವಾರ ಒಂದಿನ. ಅದೂ ಮಳೆ ಬರ್ದಿದ್ರೆ."

"ಹಂಗಾರ ಆರು ಫೂಟು. ಭಾನುವಾರದವರಿಗೆ ಆರು." ಎರಡನೇ ಯೋಚನೆಯೇ ಇಲ್ಲದೆ, ಅಂಗಡಿಯವನು ಚಪ್ಪಲಿಯ ನಂಬರು ಹೇಳಿದ ಹಾಗೆ ಹೇಳಿದರು. "ಎತ್ತರದವರಿದ್ದು, ಬಯಲಿದ್ರ ಎಂಟು. ದಿನಾ ಹೊಡ್ಯಾವರಿದ್ರ ಯಾವುದರೆ ಇರ್ಲಿ. ಉದ್ದ ಅಂಗಡ್ಯಾಗ ನೋಡಂಗಿಲ್ಲ ಸರ, ನಿಂದ್ರೂ ಜಾಗದಾಗ ನೋಡಬೇಕು."

ಆರಡಿಯದನ್ನು ಅವರೇ ಹೆಣೆದುಕೊಟ್ಟರು. ಯಶವಂತಪುರದ ಮಾರ್ಕೆಟ್ಟಿನಲ್ಲಿ ನೈಲಾನ್ ಹಗ್ಗ ಕೊಂಡದ್ದು ನಾನು. ಹೆಣೆದದ್ದು ಪರೀಕ್ಷೆಯ ಮೇಲ್ವಿಚಾರಣೆ ಮಾಡುತ್ತ ಅವರು. ಪರೀಕ್ಷಾ ಕೊಠಡಿಯಲ್ಲಿ ಓಡಾಡುತ್ತ, ಕೈ ನೋಡದೆಯೇ ಹೆಣೆಯುತ್ತಿದ್ದರು; ಕಣ್ಣು ಮಕ್ಕಳ ಮೇಲಿರುತ್ತಿತ್ತು. ಆ ವರ್ಷ ಕಾಪಿ ಹೊಡೆದವರು ಒಬ್ಬರೂ ಇಲ್ಲವೆಂದು ಪ್ರಿನ್ಸಿಪಾಲರು ಬೀಗಿದರು. ಕಾರಣ ನನಗೆ ಗೊತ್ತಿತ್ತು.

ಭಾನುವಾರದ ಪಾಠ ಬಾಗಲಗುಂಟೆಯ ಅವರ ಮನೆಯ ಹಿಂದೆ. ಅಣ್ಣತಮ್ಮಂದಿರ ಕೋರ್ಟ್ ಕೇಸಿನ ದೆಸೆಯಿಂದ ಅಲ್ಲಿ ಎರಡು ಸೈಟು ಸೇರಿ ಖಾಲಿ ಉಳಿದಿದ್ದವು. ಕೇಸು ಮುಗಿಯದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದ ಮೂರನೆಯ ಪಾರ್ಟಿ ನಾವು. ಮೇಡಂ ತಲೆಗೆ ಅಗಲ ಟೋಪಿ, ಕನ್ನಡಕದ ಮೇಲೆ ಲ್ಯಾಬಿನ ದಪ್ಪ ಕನ್ನಡಕ, ಕೈಗೆ ಗ್ಲೌಸ್ ಹಾಕಿಕೊಂಡು ಬರುತ್ತಿದ್ದರು. ಅವರ ಯಜಮಾನರು ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿದ್ದು ನಿವೃತ್ತರಾದವರು. ಕಿವಿಗೆ ಹತ್ತಿ ತುರುಕಿಕೊಂಡು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಪೇಪರ್ ಓದುತ್ತ ಕಾಂಪೌಂಡಿನ ಪಕ್ಕ ಕೂತಿರುತ್ತಿದ್ದರು. ಒಮ್ಮೆ ನಾನು, "ನಿಮಗೆ ಇದೆಲ್ಲ ತೊಂದರೆ ಆಗಲ್ವಾ ಸರ್?" ಎಂದು ಕೂಗಿ ಕೇಳಿದೆ. ಅವರು ಒಂದು ಕಿವಿಯ ಹತ್ತಿ ತೆಗೆದು ಹೇಳಿದರು: "ತೊಂದ್ರಿ ಏನ್ರಿ? ಲಗ್ನ ಆದಾಗಿಂದ ಆಕಿಗೆ ಇಲ್ಲ ಅಂದಿಲ್ಲ. ಕೈಯಾಗ ಏನ್ ಇರತೈತಿ ನೋಡೀರಲ್ಲ." ಮತ್ತೆ ಹತ್ತಿ ತುರುಕಿಕೊಂಡರು. ಮೇಡಂ ಕೇಳಿಸಿಕೊಂಡರೂ ಕೇಳಿಸದವರಂತೆ ಕುಚ್ಚು ಕಟ್ಟುತ್ತಿದ್ದರು. ಬಾಯಿಯ ಒಂದು ಮೂಲೆ ಮಾತ್ರ ಸ್ವಲ್ಪ ಅಲುಗಿತು.

ಅವರು ಕಲಿಸುವ ಕ್ರಮ ವಿಚಿತ್ರ. ಮೊದಲ ಭಾನುವಾರಗಳೆಲ್ಲ ಬೀಸಲು ಬಿಡಲೇ ಇಲ್ಲ. ಸುಮ್ಮನೆ ನಿಂತು ಸುತ್ತ ನೋಡಬೇಕು. ಹಿಂದೆ ಏನಿದೆ, ಮೇಲೆ ತಂತಿ ಇದೆಯೆ, ನಾಯಿ ಎಲ್ಲಿ ಮಲಗಿದೆ, ಗಾಳಿ ಯಾವ ಕಡೆಯದು. ನಾನು ಇದರಲ್ಲಿ ಅವರನ್ನೇ ಮೀರಿಸಿದೆ. ಎದುರು ಮನೆಯ ಮೂರನೇ ಮಹಡಿಯ ಅಜ್ಜಿ ಇಳಿದು ಬರಬಹುದಾದ ದಾರಿಯನ್ನೂ ಹೇಳಿದೆ. "ಇಷ್ಟು ದಿನಾ ನಿಮ್ಮ ಈ ಬುದ್ಧಿ ಸುಮ್ನ ಖರ್ಚಾಗಿತ್ತು ನೋಡ್ರಿ," ಎಂದರು. "ಅಂಜಿಕಿ ಇರ್ಲಿ. ಆದ್ರ ಅದು ಕಣ್ಣಾಗ ಇರಬೇಕು, ಕೈಯಾಗ ಇಳೀಬಾರದು. ಕೈಯಾಗ ಇಳೀತಂದ್ರ ಹಿಡಿ ಬಿಗಿ ಆಕ್ಕೈತಿ, ಹಿಡಿ ಬಿಗಿ ಆದ್ರ ಚಾಟಿ ಸಾಯ್ತೈತಿ." ನನ್ನ ಜೀವಮಾನದಲ್ಲಿ ನನ್ನ ಹೆದರಿಕೆಗೆ ಒಂದು ಕೆಲಸ ಕೊಟ್ಟು ಕೂರಿಸಿದವರು ಅವರೊಬ್ಬರೇ. ಉಳಿದವರೆಲ್ಲ "ಹೆದರ್ಬೇಡಿ" ಎಂದು ಹೇಳಿ ಹೋದವರು.

ಬೀಸಲು ಬಿಟ್ಟ ಮೇಲೆ ಅವರ ಒಂದೇ ಮಂತ್ರ: "ಹೊಡೀಬ್ಯಾಡ್ರಿ, ಬಿಡ್ರಿ." ನಾನು ಹೊಡೆಯುತ್ತಿದ್ದೆ. ಚಾಟಿ ನೆಲಕ್ಕೆ ಬೀಳುತ್ತಿತ್ತು. "ಹೊಡೀಬ್ಯಾಡ್ರಿ ಅಂದೆ." ಮತ್ತೆ ಹೊಡೆಯುತ್ತಿದ್ದೆ. ಒಂದು ಭಾನುವಾರ, ದಣಿದು, ಇನ್ನು ಮನೆಗೆ ಹೋಗೋಣ ಎಂದು ಕೈಯನ್ನು ಸುಮ್ಮನೆ ಮುಂದಕ್ಕೆ ಬಿಟ್ಟೆ. ಪಟ್ಟೆಂದಿತು. ಕಾಂಪೌಂಡಿನ ಪಕ್ಕದಲ್ಲಿ ಪೇಪರು ಕೆಳಗಿಳಿಯಿತು. ಮೇಡಂ ಅಂದರು: "ಪರವಾಗಿಲ್ಲ." ನಾನು ಆ ಮಾತನ್ನು ಯಲಹಂಕದವರೆಗೂ ಬಾಯಲ್ಲಿಟ್ಟುಕೊಂಡು ಹೋಗಿ ಹೆಂಡತಿಗೆ ಹೇಳಿದೆ. ಅವಳಿಗೆ ಅದರ ಬೆಲೆ ತಿಳಿಯಲಿಲ್ಲ.

ಚಾಟಿಯ ಮೋಹ ಹೇಗೆ ಬಂತೆಂದು ಕೇಳಿದರೆ ಒಮ್ಮೊಮ್ಮೆ ಒಂದೊಂದು ಹೇಳುತ್ತಿದ್ದರು. ಚಿಕ್ಕಂದಿನಲ್ಲಿ ಅವರ ಓಣಿಗೆ ದೇವಿಯನ್ನು ತಲೆಯ ಮೇಲೆ ಹೊತ್ತು, ಚಾಟಿ ಬೀಸಿಕೊಂಡು ಬರುವವರಿದ್ದರಂತೆ. ಉಳಿದ ಹುಡುಗರು ಬಾಗಿಲ ಹಿಂದೆ ಅಡಗಿದರೆ ಇವರು ಮುಂದೆ ಹೋಗಿ ಕೂರುತ್ತಿದ್ದರು. ಬಾರು ಮೈಗೆ ತಾಗುವ ಮೊದಲೇ ಸದ್ದು ಬರುತ್ತದಲ್ಲ, ಅದು ಹೇಗೆ ಎಂಬ ಒಂದೇ ಪ್ರಶ್ನೆ. ಮನೆಯಲ್ಲಿ ಕೇಳಿದ್ದಕ್ಕೆ, "ದೇವಿ ಮಹಿಮಾ, ಸುಮ್ಕ ಊಟಾ ಮಾಡು" ಎಂದರಂತೆ. "ಸುಮ್ಕ ಊಟಾ ಮಾಡಿದ್ರ ನಾ ಎಂ.ಎಸ್ಸಿ ಮಾಡ್ತಿದ್ದಿಲ್ಲ," ಎಂದು ಅಲ್ಲಿಗೆ ಕತೆ ಮುಗಿಸುತ್ತಿದ್ದರು.

ನಿವೃತ್ತಿಯ ವರ್ಷ, ಬೇಸಿಗೆ ರಜೆಯಲ್ಲಿ ಅವರ ಬಲ ಭುಜ ಹೋಯಿತು. ಸ್ನಾಯು ಹರಿದಿದೆ, ಕೈಯನ್ನು ಭುಜದ ಮೇಲಕ್ಕೆ ಎತ್ತಲೇಬಾರದು ಎಂದು ಹೆಬ್ಬಾಳದ ಡಾಕ್ಟರರು ಹೇಳಿದರು. ಸುದ್ದಿ ಕೇಳಿದವರೆಲ್ಲ ಒಂದೇ ಮಾತು: "ಚಾಟಿ ಹೊಡೆದೂ ಹೊಡೆದೂ ಹಾಗಾಯ್ತು." ನೋವಿಗಿಂತ ಈ ಮಾತು ಅವರನ್ನು ಹೆಚ್ಚು ಕೆರಳಿಸಿತು.

"ಚಾಟಿಯಿಂದ ಅಲ್ಲ, ಕುಕ್ಕರಿಂದ," ಎಂದು ಕಂಡವರಿಗೆಲ್ಲ ವಿವರಿಸಿದರು. "ಅಟ್ಟದ ಮ್ಯಾಲಿನ ದೊಡ್ಡ ಕುಕ್ಕರ್ ತಗ್ಯಾಕ ಹೋಗಿ ಆತು. ಇಷ್ಟು ವರ್ಷ ಚಾಟಿ ಹೊಡದೀನಿ, ಒಂದು ಗೀರು ಬಿದ್ದಿಲ್ಲ. ಬರಕೋರಿ ಬೇಕಾರ, ಕುಕ್ಕರ್."

ಜೂನ್ ಬಂತು. ತಿಂಗಳ ಕೊನೆಗೆ ಅವರ ನಿವೃತ್ತಿ. ಹೊಸ ಫಸ್ಟ್ ಪಿಯು ಮಕ್ಕಳು ಬಂದರು. ಅವರ ಪಾಲಿಗೆ ಅದೇ ಕೊನೆಯ ಬ್ಯಾಚು. ಪ್ರಿನ್ಸಿಪಾಲರು ಒಳ್ಳೆಯ ಮನಸ್ಸಿನಿಂದಲೇ ಸಲಹೆ ಕೊಟ್ಟರು: "ಈ ವರ್ಷ ಸ್ಮಾರ್ಟ್ ಬೋರ್ಡ್ ಮೇಲೆ ವಿಡಿಯೋ ತೋರ್ಸಿಬಿಡಿ ಮೇಡಂ. ಸ್ಲೋ ಮೋಷನ್ನಲ್ಲಿ ಇನ್ನೂ ಚೆನ್ನಾಗಿ ಕಾಣುತ್ತೆ. ನಿಮಗೂ ರೆಸ್ಟ್."

"ವಿಡಿಯೋದಾಗ ಸದ್ದು ಸ್ಪೀಕರಿಂದು," ಎಂದರು ಮೇಡಂ. "ಗಾಳಿ ಎಲ್ಲೈತಿ?"

ಪ್ರಿನ್ಸಿಪಾಲರ ಬಳಿ ಗಾಳಿ ಇರಲಿಲ್ಲ. ಅವರು ಹೋದ ಮೇಲೆ ಮೇಡಂ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಎಡಗೈಯಿಂದ ಬಲ ಭುಜವನ್ನು ಹಿಡಿದುಕೊಂಡು, ಹೊರಗೆ ಅಂಗಳವನ್ನೇ ನೋಡುತ್ತಿದ್ದರು. ಅವರು ಹಾಗೆ ಸುಮ್ಮನೆ ಕೂತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಕೈಯಲ್ಲಿ ಏನಾದರೊಂದು ಇರುತ್ತಿತ್ತು, ಕೆಂಪು ಪೆನ್ನಾದರೂ, ಹಗ್ಗವಾದರೂ. ಆ ಮೊದಲ ಪಾಠವಿಲ್ಲದಿದ್ದರೆ ಅವರ ಇಡೀ ಕೆಲಸ ಒಂದು ವಿಡಿಯೋದಲ್ಲಿ ಮುಗಿಯುತ್ತಿತ್ತು. ಅದು ನನಗೂ ಗೊತ್ತಿತ್ತು, ಅವರಿಗೂ.

"ಸರ," ಎಂದರು ತಿರುಗದೆ. "ನೀವು ಹೊಡೀರಿ."

ನಾನು ಒಂದೇ ಉಸಿರಿನಲ್ಲಿ ಹತ್ತು ಕಾರಣ ಕೊಟ್ಟೆ. ಕನ್ನಡದವನು ಫಿಸಿಕ್ಸ್ ಪಾಠಕ್ಕೆ ಕೈ ಹಾಕಿದರೆ ಏನೆಂದಾರು ಎಂಬುದು ಅವುಗಳಲ್ಲಿ ಎಲ್ಲಕ್ಕಿಂತ ಮರ್ಯಾದೆಯದು. ಅವರು ಎಲ್ಲವನ್ನೂ ಕೇಳಿ, "ಮುಗೀತೇನ್ರಿ?" ಎಂದರು. ಮುಗಿದಿತ್ತು. "ನಾಡದು ಮುಂಜಾನೆ ಫಸ್ಟ್ ಪೀರಿಯಡ್. ನನ್ನ ಎಂಟು ಫೂಟಿಂದು ತಗೋರಿ. ಸುರುಳಿ ಓಡೂದು ಹಿಂದ ಕುಂತವರಿಗೂ ಕಾಣತೈತಿ."

ಅವರ ಎಂಟಡಿಯದು ನಾನು ಎಂದೂ ಮುಟ್ಟದ ಚಾಟಿ. ಅಷ್ಟು ವರ್ಷ ಅಂಗಳದಲ್ಲಿ ಸದ್ದು ಮಾಡಿದ್ದು ಅದೇ. ಅದನ್ನು ನನ್ನ ಕೈಗೆ ಕೊಡುತ್ತಿದ್ದಾರೆಂದರೆ ಏನು ಕೊಡುತ್ತಿದ್ದಾರೆಂದು ತಿಳಿಯದಷ್ಟು ದಡ್ಡನಲ್ಲ ನಾನು. ಆ ದಿನ ಸಂಜೆ, ಮಕ್ಕಳೆಲ್ಲ ಹೋದ ಮೇಲೆ, ಅಂಗಳದ ನಡುವೆ ನಿಂತೆ. ನೋಡಿದೆ. ಹಿಂದೆ ಕಂಬ. ಮೇಲೆ ಹೊಂಗೆಯ ಕೊಂಬೆ. ಬಲಕ್ಕೆ ಬಾಲ್ಕನಿಯ ಕಂಬಿ, ಅದರ ಮೇಲೆ ಕ್ಯಾಮೆರಾ. ಮೇಡಂ ನನಗಿಂತ ಗಿಡ್ಡ, ಅವರು ಕೊಂಬೆಯ ಕೆಳಗೇ ಎಂಟನ್ನು ತಿರುಗಿಸಿಕೊಳ್ಳಬಲ್ಲರು. ನನ್ನ ತೋಳು, ನನ್ನ ಎತ್ತರ, ನನ್ನ ಭಾನುವಾರಗಳು ಬೇರೆ. ಬಾರನ್ನೂ ಕುಚ್ಚನ್ನೂ ಸೇರಿಸಿ ಲೆಕ್ಕ ಹಾಕಿದೆ. ನಾಲ್ಕಡಿಯದೊಂದು ಎರವಲು ಸಿಕ್ಕರೆ ಎಂದೂ ಒಂದು ಕ್ಷಣ ಮನಸ್ಸು ಜಾರಿತು. ನನ್ನ ಎಡಗಿವಿ ಬೇಡವೆಂದಿತು.

ಮರುದಿನ ಅವರ ಡಬ್ಬಿಯನ್ನು ಅವರಿಗೇ ಹಿಂತಿರುಗಿಸಿದೆ. "ಎಂಟು ಬೇಡ ಮೇಡಂ. ಆ ಜಾಗಕ್ಕೆ, ಈ ಕೈಗೆ ಆರೇ ಸರಿ. ಹಿಂದೆ ಕೂತವರನ್ನ ಸ್ವಲ್ಪ ಮುಂದೆ ಕೂರಿಸೋಣ."

ಅವರ ಮಾತಿಗೆ ನಾನು ಎದುರಾಡಿದ್ದು ಅದೇ ಮೊದಲು. ಅವರು ಡಬ್ಬಿಯನ್ನು ಎಡಗೈಯಲ್ಲಿ ತೆಗೆದುಕೊಂಡು, ನನ್ನನ್ನು ಅಡಿಯಿಂದ ಮುಡಿಯವರೆಗೆ, ಹೊಸ ಸಾಮಾನನ್ನು ನೋಡುವಂತೆ ನೋಡಿದರು.

"ಯಾಕಂತ ಹೇಳ್ರಿ."

ಹೇಳಿದೆ. ಕಂಬ, ಕೊಂಬೆ, ಬಾಲ್ಕನಿ, ತೋಳು. ಹೆದರಿಕೆಯ ಮಾತು ಅದರಲ್ಲಿ ಒಂದೂ ಇರಲಿಲ್ಲ, ಲೆಕ್ಕವಷ್ಟೇ ಇತ್ತು.

"ಹ್ಞೂಂ," ಎಂದರು. "ಈಗ ಚಾಟಿ ಆರಿಸಾಕ ಬಂತು ನಿಮಗ." ಇದು "ಪರವಾಗಿಲ್ಲ"ಕ್ಕಿಂತ ಮೇಲಿನದೋ ಕೆಳಗಿನದೋ ಎಂದು ಆ ರಾತ್ರಿ ಹೆಂಡತಿಯನ್ನು ಕೇಳಿದೆ. ಅವಳು, "ಮಲ್ಕೊಳಿ, ಬೆಳಿಗ್ಗೆ ಹೊಡೆಯೋದಿದೆ" ಎಂದಳು. ಮಲಗಿದೆ. ಆಶ್ಚರ್ಯವೆಂದರೆ ನಿದ್ದೆಯೂ ಬಂತು.

ಬೆಳಿಗ್ಗೆ ಮಕ್ಕಳು ಸುಣ್ಣದ ಗೆರೆಯ ಆಚೆ ಕೂತರು. ಪ್ರಿನ್ಸಿಪಾಲರು ಕಂಬದ ಮರೆಗೆ ಅರ್ಧ ದೇಹವಿಟ್ಟು ನಿಂತರು. ಮೇಡಂ ಇಳಕಲ್ ಸೀರೆಯ ಸೆರಗು ಸಿಕ್ಕಿಸಿ ಗೆರೆಯ ಅಂಚಿಗೆ ಬಂದರು. ಹಿಂದೆಲ್ಲ ಹೇಳುವವರೂ ಬೀಸುವವರೂ ಅವರೇ ಆಗಿದ್ದರಿಂದ ಸೂಚನೆಯ ಗೊಡವೆ ಇರಲಿಲ್ಲ. ಈ ಸಲ ಹೊಸದಾಗಿ ಗೊತ್ತುಮಾಡಿದರು. "ನಾ ಮಕ್ಕಳಿಗೆ ಕಿವಿ ಮುಚ್ಕೋರಿ ಅಂತೀನಿ. ಆಮ್ಯಾಲ ಕೈ ಪೂರಾ ಮ್ಯಾಲ ಎತ್ತಿ ಇಳಸ್ತೀನಿ. ಇಳಿಸಿದ ಮ್ಯಾಲ ನೀವು ಬಿಡ್ರಿ. ಅದಕ್ಕ ಮೊದಲು ಬ್ಯಾಡ."

ನಾನು ನಡುವೆ ನಿಂತೆ. ಹಿಂದೆ ನೋಡಿದೆ, ಮೇಲೆ ನೋಡಿದೆ. ಚಾಟಿಯನ್ನು ಹಿಂದಕ್ಕೆ ಹಾಸಿದೆ.

"ಮಕ್ಕಳಾ, ಕಿವಿ ಮುಚ್ಕೋರಿ," ಎಂದರು ಮೇಡಂ. ಅರ್ಧ ಜನ ಮುಚ್ಚಿಕೊಂಡರು, ಅರ್ಧ ಜನ ಮುಚ್ಚಿಕೊಂಡಂತೆ ನಟಿಸಿದರು. ಮೇಡಂ ಕೈಯೆತ್ತಿದರು.

ಎತ್ತಿದ್ದು ಬಲಗೈ. ಬೋರ್ಡಿಗೆ ಬರೆದು ಬರೆದು ಅಭ್ಯಾಸವಾದ ಕೈ, ಅದೇ ಮೊದಲು ಹೊರಟಿತು. ಎದೆಯ ಮಟ್ಟಕ್ಕೆ ಬಂತು, ಭುಜದ ಮಟ್ಟಕ್ಕೆ ಬಂತು, ಅಲ್ಲಿ ನಿಂತಿತು. ಎಡಗೈಗೆ ಬದಲಿಸುತ್ತಾರೆ ಎಂದುಕೊಂಡೆ. ಬದಲಿಸಲಿಲ್ಲ. ಪೂರಾ ಮೇಲೆ ಎಂದು ಹೇಳಿದ್ದಾರಲ್ಲ, ಅಂದಮೇಲೆ ಪೂರಾ ಮೇಲೆ ಹೋಗಬೇಕು. ಹಲ್ಲು ಕಚ್ಚಿ ಇನ್ನೊಂದಿಷ್ಟು ಎತ್ತಿದರು. ಮುಖದ ಬಣ್ಣ ಇಳಿಯುತ್ತ ಹೋಯಿತು. ಮಕ್ಕಳೆಲ್ಲರ ಕಣ್ಣು ನನ್ನ ಕೈಯ ಮೇಲಿತ್ತು, ಮೇಡಂ ಅವರನ್ನು ನೋಡುತ್ತಿದ್ದವನು ನಾನೊಬ್ಬನೇ. ಇನ್ನರ್ಧ ನಿಮಿಷ ಹೋದರೆ ಎಲ್ಲರೂ ಆ ಕಡೆ ತಿರುಗುತ್ತಿದ್ದರು.

ನಾನು ಚಾಟಿ ಬಿಟ್ಟೆ.

ಹೊಡೆಯಲಿಲ್ಲ, ಬಿಟ್ಟೆ. ಸುರುಳಿ ನನ್ನ ಕೈಯಿಂದ ಹೊರಟು ಹೋದದ್ದನ್ನು ನಾನೇ ನೋಡಿದೆ. ಸದ್ದು ನಾಲ್ಕು ಗೋಡೆಗೂ ಬಡಿದು ಬಂತು. ಮುಚ್ಚಿಕೊಳ್ಳದಿದ್ದ ಅರ್ಧ ಜನ ಕಿವಿ ಹಿಡಿದುಕೊಂಡು ಹಿಂದಕ್ಕೆ ವಾಲಿ, ಆಮೇಲೆ ನಗತೊಡಗಿದರು. ಪ್ರಿನ್ಸಿಪಾಲರ ಕನ್ನಡಕ, ಕ್ಯಾಮೆರಾ, ಜಡೆಗಳು, ಕೊಂಬೆ, ನನ್ನ ಎರಡೂ ಕಿವಿ, ಎಲ್ಲ ಇದ್ದಲ್ಲೇ ಇದ್ದವು.

ಮೇಡಂ ಕೈಯನ್ನು ಮೆಲ್ಲಗೆ ಇಳಿಸಿ, ಎಡಗೈಯಿಂದ ಅದನ್ನು ಹಿಡಿದುಕೊಂಡರು. ಉಸಿರು ಸರಿಮಾಡಿಕೊಂಡು ಮಕ್ಕಳ ಕಡೆ ತಿರುಗಿದರು.

"ಈ ಚಾಟಿ ಯಾವುದಕ್ಕೂ ಬಡೀಲಿಲ್ಲ. ಹಂಗಾದ್ರ ಸದ್ದು ಎಲ್ಲಿಂದ ಬಂತು? ಹೋಗಿ ವಿಚಾರ ಮಾಡ್ರಿ."

ಮಕ್ಕಳು ಗಲಾಟೆ ಮಾಡುತ್ತ ಎದ್ದರು. ನಾನು ಚಾಟಿಯನ್ನು ಸುತ್ತಿಕೊಳ್ಳುತ್ತಿದ್ದಾಗ ಮೇಡಂ ಗೆರೆ ದಾಟಿ ಪಕ್ಕಕ್ಕೆ ಬಂದರು. ಸದ್ದು ಹೇಗಿತ್ತೆಂದು ಹೇಳುತ್ತಾರೆಂದು ಕಾದೆ.

"ಸರ, ನಾ ಇನ್ನೂ ಕೈ ಇಳಿಸಿದ್ದಿಲ್ಲ."

"ಹೌದು ಮೇಡಂ."

"ಸೂಚನಾ ಇಲ್ದ ಬಿಟ್ರಿ. ಅದು ತಪ್ಪು."

"ತಪ್ಪು, ಮೇಡಂ."

ಅವರು ಗೆರೆಯ ಪಕ್ಕದಲ್ಲಿಟ್ಟಿದ್ದ ತಮ್ಮ ಚಾಟಿಯ ಡಬ್ಬಿ ತಂದರು. ಎಡಗೈಯಲ್ಲಿ ಮುಚ್ಚಳ ತೆಗೆದು, ಒಳಗೆ ಖಾಲಿಯಿದ್ದ ಡಬ್ಬಿಯನ್ನು ನನ್ನ ಚಾಟಿ ಇಡಲೆಂದು ಮುಂದೆ ಹಿಡಿದರು.